ಸೋಲೂರಿನ ಒಂದು ಗುಟುಕು

ಬನ್ನಿ, ಬಾಗಿಲು ಹಾಕ್ಕೊಂಡು ಹತ್ತಿರ ಕುಂತ್ಕಳಿ. ನೀರು ಕುಡಿಯೋರು ಈಗಲೇ ಕುಡ್ದುಬುಡಿ, ಕತೆ ಕೇಳಿದ ಮೇಲೆ ಎದ್ದು ಹೋಗೋಕೆ ಧೈರ್ಯ ಬರಾಕಿಲ್ಲ. ಇದು ನಮ್ಮ ಪಕ್ಕದ ಮನೆ ಸೊಸೆ ಭಾನುಪ್ರಿಯಳಿಗೆ ಆದದ್ದು.

ರಾತ್ರಿ ಒಂಬತ್ತಾಗಿತ್ತು. ಕೊನೇ ಬಸ್ಸು ಅವಳನ್ನ ಕೂಟಗಲ್ ಹತ್ರ, ನಮ್ಮೂರಿಗೆ ನಡೆಯೋ ದಾರೀಲಿ, ಇಳಿಸಿ ಹೋಯ್ತು. ಕೈಯಲ್ಲಿ ಹೊಸ ಕ್ಯಾನು, ಅದರ ಕತ್ತಿನ ತನಕ ನೀರು. ಫೋನ್ ಮಾಡಿದ್ರೆ ಗಂಡ ದೇವರಾಜು ಗಾಡಿ ತರ್ತಿದ್ದ. ಮಾಡಲಿಲ್ಲ. ನೀರು ಯಾಕೆ ಅಂದ್ರೆ ಏನು ಹೇಳ್ತಾಳೆ?

ನಮ್ಮೂರ ನೀರು ಗೊತ್ತಲ್ಲ. ಬೇಳೆ ಬೇಯಲ್ಲ, ಸೋಪು ನೊರೆಯಾಡಲ್ಲ, ಹಂಡೆ ಒಳಗೆ ಸುಣ್ಣ ಬಳಿದಂಗೆ ಬಿಳೀ ಪದರ. ಅವಳತ್ತೆ ಸರಸಮ್ಮ ಸೋಲೂರಿನ ಹೆಣ್ಣು. "ಈ ನೀರ್ ಕುಡ್ದು ಕುಡ್ದು ನನ್ನ ಹೊಟ್ಟೇಲಿ ಒಂದು ಗೋಡೆ ಬಳಿಯೋವಷ್ಟು ಸುಣ್ಣ ಐತೆ ಕಣಮ್ಮಿ" ಅನ್ನೋಳು.

ಸರಸಮ್ಮ ಹಾಸಿಗೆ ಹಿಡಿದಾಗ ಕೇಳಿದ್ದು ಒಂದೇ. ತವರಿನ ಬಾವಿ ನೀರು, ಒಂದು ಗುಟುಕು. ದೇವರಾಜು ಹೊಲಕ್ಕೆ ಹೊರಟಿದ್ದ. "ನೀನೇ ಹೋಗಿ ತಂದ್ಬುಡೆ" ಅಂದ. ಆದರೆ ಮನೇಲಿ ಸಾಕಿದ್ದ ರೇಷ್ಮೆಹುಳ ಗೂಡು ಕಟ್ಟೋಕೆ ಹಣ್ಣಾಗಿದ್ದವು. ಅವತ್ತೇ ಚಂದ್ರಿಕೆ ತಟ್ಟೆಗೆ ಬಿಡದೆ ಹೋದ್ರೆ ಬೆಳೆಯೇ ಹೋಯ್ತು. ಭಾನುಪ್ರಿಯ ಮನೆ ಬೋರಿನ ನೀರನ್ನೇ ಲೋಟಕ್ಕೆ ಹಿಡಿದಳು.

"ಸೋಲೂರ್ದು ಕಣತ್ತೆ, ಕುಡೀರಿ."

ಮುದುಕಿ ಬಾಯಲ್ಲಿಟ್ಕೊಂಡು ಸೊಸೆ ಮುಖ ನೋಡಿದಳು... ಥೂ ಅಂತ ಉಗಿದಳು. ಪ್ರಾಣ ಹೋಯ್ತು.

ದೇವರಾಜು ಬಂದೋರಿಗೆಲ್ಲ ಹೇಳಿದ್ದೇ ಹೇಳಿದ್ದು: "ನಮ್ಮವ್ವ ತವರ ನೀರು ಕುಡ್ಕೊಂಡೇ ಹೋದ್ಲು."

ಸತ್ತ ಜಾಗದಲ್ಲಿ ದೀಪ ಹಚ್ಚಿ, ಒಂದು ಲೋಟ ನೀರು ಇಡ್ತೀವಲ್ಲ, ತಿಥಿ ತನಕ? ದಿನಾ ನಡುರಾತ್ರಿ ಆ ಲೋಟ ಉರುಳೋದು. ಟಣ್... ಆಮೇಲೆ, ಥೂ. ಇಲಿ ಅಂದ ದೇವರಾಜು. ಇಲಿ ಉಗಿಯುತ್ತಾ? ಹತ್ತನೇ ದಿನವಾಯ್ತು. ನಾಳೆ ತಿಥಿ. ನೀರು ಒಲ್ಲದೆ ಹೋದ ಜೀವ ಮನೆ ಬಿಟ್ಟು ಹೋಗುತ್ತಾ? ನೆಂಟರನ್ನ ಕರೆದು ಬತ್ತೀನಿ ಅಂತ ಹೇಳಿ ಅವಳು ಸೋಲೂರಿಗೆ ಹೋದದ್ದು ಅದಕ್ಕೇ.

ಬಸ್ಸಿಳಿದು ನಡೀತಾ ನಡೀತಾ ನಮ್ಮೂರ ಹಳೇ ಬಾವಿ ಹತ್ತಿರ ಬಂತು. ಕ್ಯಾನು ಗುಳುಕ್... ಗುಳುಕ್... ಅಂತಿತ್ತು. ಅದರ ಹಿಂದೆ ಇನ್ನೊಂದು ಸದ್ದು. ಪಟ್... ಸರ್ರ್. ಪಟ್... ಸರ್ರ್. ಒಂದು ಕಾಲು ಊರಿ ಒಂದು ಕಾಲು ಎಳೆಯೋ ನಡಿಗೆ. ಆ ನಡಿಗೆಯ ಹಿಂದೆ ಅವಳು ಹದಿನೈದು ವರ್ಷ ಓಡಾಡಿದ್ದಳು.

ತಿರುಗಲಿಲ್ಲ. ನಿಂತಳು. ಅದೂ ನಿಂತಿತು.

"ಯಾವೂರ್ ನೀರಮ್ಮಿ?"

"ಸೋ... ಸೋಲೂರ್ದು ಕಣತ್ತೆ."

ಬಾವಿಯೊಳಗೆ ಒಂದು ಹನಿ ಬಿತ್ತು. ತೊಟಕ್.

"ಆವತ್ತೂ ಅಂಗೇ ಅಂದೆ."

ಭಾನುಪ್ರಿಯ ಕ್ಯಾನನ್ನ ಎದೆಗೆ ಒತ್ಕೊಂಡಳು. "ಆವತ್ತು ಸುಳ್ಳು ಹೇಳ್ದೆ. ಹುಳ ಬುಟ್ಟು ಹೋಗಕ್ಕಾಗ್ನಿಲ್ಲ. ತಪ್ಪಾಯ್ತು."

"ಇವತ್ತು?"

"ದಿಟ. ನಿಮ್ಮಪ್ಪನ ಮನೆ ಬಾವೀದು. ನಾನೇ ಸೇದ್ದೆ."

ಕಿವಿ ಪಕ್ಕದಲ್ಲೇ: ಗುಟುಕ್.

ಉಗಿಯೋ ಸದ್ದಿಗೆ ಕಾದಳು. ಬರಲಿಲ್ಲ.

ಮನೆಗೆ ಬಂದು ಗಂಡನ ಮುಂದೆ ಎಲ್ಲಾ ಹೇಳಿಬಿಟ್ಟಳು. ಅವನು ಕ್ಯಾನು ಎಳ್ಕೊಂಡ. ಕ್ಯಾನಿನ ಮುಚ್ಚಳ ಬಿಗಿದಿತ್ತು, ಅವನೇ ತಿರುಗಿಸಬೇಕಾಯ್ತು. ಒಳಗೆ ನೀರು ಒಂದು ಗುಟುಕು ಕಮ್ಮಿ. ಲೋಟ ತುಂಬಿಟ್ಟರು. ಬೆಳಗಾಗೋವರೆಗೂ ಉರುಳಲಿಲ್ಲ.

ಸರಸಮ್ಮ ಆಮೇಲೆ ಬರಲಿಲ್ಲ. ದೇವರಾಜು ಮೂರು ತಿಂಗಳು ಹೆಂಡತಿ ಜೊತೆ ಮಾತು ಬಿಟ್ಟಿದ್ದ. ಈಗ ಪ್ರತಿ ಅಮಾವಾಸ್ಯೆಗೆ ಅವನೇ ಸೋಲೂರಿಗೆ ಹೋಗಿ ನೀರು ತತ್ತಾನೆ. ಭಾನುಪ್ರಿಯ ಈಗಲೂ ಹುಳ ಸಾಕ್ತಾಳೆ. ಹಾಸಿಗೆ ಹಿಡಿದೋರು ಏನಾದ್ರೂ ಕೇಳಿದ್ರೆ ಮಾತ್ರ, ಹುಳ ಹಣ್ಣಾಗಿರಲಿ ಏನೇ ಆಗಿರಲಿ, ಎದ್ದು ಹೋಗ್ತಾಳೆ.

ಸುಳ್ಳು ಅನ್ನೋರು ಹೋಗಿ ಆ ಕ್ಯಾನು ನೋಡಿ. ಅದರೊಳಗೆ ನಮ್ಮೂರ ನೀರು ಒಂದು ಹನಿಯೂ ಬಿದ್ದಿಲ್ಲ. ಆದರೂ ಬಾಯಿ ಅಂಚಲ್ಲಿ, ಮುಚ್ಚಳದ ಒಳಗಡೆ, ಸುಣ್ಣದಂಥ ಬಿಳೀ ಕಲೆ. ಎರಡು ತುಟಿಯಷ್ಟು ಅಗಲ. ಹುಣಸೆಹಣ್ಣು ಹಾಕಿ ನಾನೇ ತಿಕ್ಕಿದ್ದೀನಿ... ಹೋಗಾಕಿಲ್ಲ.