ಉಜ್ಜನಪ್ಪನ ನಾಡಿ ವಾಚು

ನಮ್ಮ ಪಕ್ಕದ ಮನೆ ಬಕ್ಕೇಶಪ್ಪ ಅವತ್ತು ಹರಿಹರದಿಂದ ಬರೋ ಕೊನೇ ಬಸ್ಸಿಗೆ ಬಂದಿಳಿದ. ದಾವಣಗೆರೆ ಮಲಗಿತ್ತು. ದೇವರಾಜ ಅರಸು ಬಡಾವಣೆಗೆ ಅಡ್ಡಹಾದಿ ಹಿಡಿದ. ಆ ಹಾದೀಲಿ ಒಂದು ಹಳೇ ಬಾವಿ ಐತೆ. ಮೇಲೆ ಕಬ್ಬಿಣದ ಜಾಲರಿ. ಗಾಳಿ ಬಿಟ್ರೆ ಕಿರ್ರ್ ಅಂತದೆ. ಅವತ್ತು ಗಾಳಿ ಇರಲಿಲ್ಲ...

ಅಂಗಿ ಜೇಬಿನಾಗ ಸಂಜೆ ಕೊಂಡ ವಾಚು.

ಅವನಿಗೆ ಅದೊಂದು ಹುಚ್ಚು. ಕೀ ಕೊಡೋ ಹಳೇ ಕ್ರೋನೋಗ್ರಾಫ್ ವಾಚು ಕೂಡಿಡೋದು. ಬದಿಗೆ ಎರಡು ಗುಂಡಿ ಇರ್ತಾವೆ. ಮೇಲಿಂದು ಒತ್ತಿದ್ರೆ ಉದ್ದ ಮುಳ್ಳು ಓಡ್ತದೆ, ಮತ್ತೆ ಒತ್ತಿದ್ರೆ ನಿಲ್ತದೆ. ಕೆಳಗಿಂದು ಒತ್ತಿದ್ರೆ ಹನ್ನೆರಡಕ್ಕೆ ವಾಪಸ್. ಇದು ಡಾಕ್ಟರುಗಳು ಕಟ್ಟೋ ಜಾತಿದು. ಮೂವತ್ತು ಬಡಿತ ಎಣಿಸಿ ಮುಳ್ಳು ನಿಲ್ಲಿಸಿದ್ರೆ, ನಿಮಿಷಕ್ಕೆ ನಾಡಿ ಎಷ್ಟು ಅಂತ ಅಂಚಿನ ಅಂಕಿ ತೋರಿಸ್ತದೆ. ಹರಿಹರದ ಕಾಂಪೌಂಡರ್ ಉಜ್ಜನಪ್ಪನ ವಾಚು. ಆತ ತೀರಿ ವರ್ಷ ಆಗಿತ್ತು. ಮಗಳು ಅಂಜಿನವ್ವ ಮಾರಿದ್ಳು.

ಕೈಗೆ ಬಂದ ಕೂಡ್ಲೇ ಬಕ್ಕೇಶಪ್ಪ ಕೆಳಗಿನ ಗುಂಡಿ ಒತ್ತಿದ್ದ. ವಾಚಿನ ಹುಚ್ಚಿನೋರೆಲ್ಲ ಮೊದ್ಲು ಮಾಡೋದು ಅದೇ. ಮುಳ್ಳು ನೆಟ್ಟಗೆ ಹನ್ನೆರಡಕ್ಕೆ ಬರ್ತದೋ ಇಲ್ಲೋ ನೋಡ್ತಾರೆ. ಬಂತು.

ಅಂಜಿನವ್ವನ ಮುಖ ಸಣ್ಣದಾತು. "ಒತ್ತಿಬಿಟ್ರಾ..."

"ಯಾಕವ್ವ?"

"ಎಣಿಸಿದ್ದು ಮನೆಯವ್ರಿಗೆ ಹೇಳೋತನಕ ಅಪ್ಪ ಆ ಗುಂಡಿ ಮುಟ್ತಿರಲಿಲ್ರಿ. ಕೊನೇ ಸಲ ಯಾರದ್ದೋ ನಾಡಿ ಹಿಡಿದಿದ್ದ. ಹೇಳಾಕ ಬಾಯಿ ತೆಗೆದ, ಅಲ್ಲೇ ಬಿದ್ದ. ಹೇಳದೇ ಇದ್ದಿದ್ದು ಆ ಮುಳ್ಳಿನಾಗ ಹಂಗೇ ನಿಂತಿತ್ತು."

"ಈಗ ಋಣ ಹರೀತಲ್ಲ ಬಿಡವ್ವ," ಅಂದು ನಕ್ಕಿದ್ದ.

ಬಾವಿ ಹತ್ರ ಬಂದ. ಜೇಬಿನಾಗ... ಟಕ್.

ತೆಗೆದು ನೋಡಿದ. ಉದ್ದ ಮುಳ್ಳು ಓಡ್ತಿತ್ತು. ಚಿಟಿಚಿಟಿಚಿಟಿ... ಇವನು ಗುಂಡಿ ಮುಟ್ಟಿರಲಿಲ್ಲ. ಎಡಗೈ ಮಣಿಕಟ್ಟು ತಣ್ಣಗಾತು. ಯಾರೋ ನಾಡಿ ಹಿಡಿದಂಗೆ. ಕಿವಿ ಪಕ್ಕ ಉಸಿರಿನಷ್ಟೇ ದನಿ.

"...ಇಪ್ಪತ್ತೆಂಟು... ಇಪ್ಪತ್ತೊಂಬತ್ತು... ಮೂವತ್ತು."

ಟಕ್. ಮುಳ್ಳು ತೊಂಬತ್ತರ ಮೇಲೆ ನಿಂತಿತು.

"ನಾ ಹೇಳಬೇಕಾದ ನಾಡಿ ನಿಮ್ದಲ್ಲ," ಅಂತು ದನಿ. "ಮನೇಲಿ ಯಾರೈದಾರೆ?"

ಬಕ್ಕೇಶಪ್ಪ ಓಡಿದ. ಒಂದು ಚಪ್ಪಲಿ ಅಲ್ಲೇ ಬಿತ್ತು. ತಿರುಗಿ ನೋಡಲಿಲ್ಲ.

ಹೆಂಡತಿ ಕಸ್ತೂರಮ್ಮ ಗೋಡೆ ಹಿಡ್ಕೊಂಡು ಬಂದು ಬಾಗಿಲು ತೆಗೆದ್ಳು. ಅವನ ಕೈಯಾಗಿನ ವಾಚು ನೋಡಿದ್ಳು.

"ಇದು ಎಷ್ಟನೇ ಸವತಿರಿ?"

"ಹದಿನೇಳು."

"ಒಬ್ಬಳಿಗಾದ್ರೂ ರೊಟ್ಟಿ ಬಡಿಯಾಕ ಬರ್ತದೇನು, ಕೇಳ್ರಿ." ಅಷ್ಟು ಅನ್ನೋದ್ರೊಳಗೆ ಏದುಸಿರು ಬಂತು. ಹೋಗಿ ಮಂಚದ ಮೇಲೆ ಒರಗಿದ್ಳು.

ತಿಂಗಳಿಂದ ತಲೆ ಸುತ್ತು ಅಂತಿದ್ಳು. ಗ್ಯಾಸ್ ಅಂತ ಇವನು ಸೋಡಾ ತಂದು ಕೊಡ್ತಿದ್ದ. ಭಾನುವಾರ ಡಾಕ್ಟರಿಗೆ ತೋರಿಸೋಣ ಅಂತಿದ್ದ. ಭಾನುವಾರ ಬಂದ್ರೆ ವಾಚು ಹುಡುಕ್ಕೊಂಡು ಹೋಗಿರ್ತಿದ್ದ.

ಕೆಳಗಿನ ಗುಂಡಿ ಒತ್ತಿ ಮುಳ್ಳು ಹನ್ನೆರಡಕ್ಕೆ ತಂದು, ವಾಚು ಅಲ್ಮೇರಾದಾಗ ಇಟ್ಟು ಬೀಗ ಹಾಕಿದ. ದೀಪ ಆರಿಸಿದ. ನಿದ್ದೆ ಬರಲಿಲ್ಲ...

ಅಲ್ಮೇರಾದೊಳಗೆ ಟಕ್.

ಆಮೇಲೆ ದನಿ. ಅಲ್ಮೇರಾದ ಕಡೆಯಿಂದಲ್ಲ. ಕಸ್ತೂರಮ್ಮನ ತಲೆದಿಂಬಿನ ಹತ್ರದಿಂದ.

"ಒಂದು..."

ತಡ ಆತು.

"ಎರಡು..."

ಇನ್ನೂ ತಡ ಆತು.

ಬಕ್ಕೇಶಪ್ಪ ಎದ್ದ. ಬೀಗದ ಕೈ ಹುಡುಕಿ ಅಲ್ಮೇರಾದ ಬೀಗಕ್ಕೆ ಹಾಕಿದ. ತೆಗೆದ. ಮೊಬೈಲಿನ ಬೆಳಕು ಹಿಡಿದ. ಮುಳ್ಳು ಎಂಟು ದಾಟಿತ್ತು, ಒಂಬತ್ತು ದಾಟ್ತು.

"ಹದಿನೇಳು... ಹದಿನೆಂಟು..."

ಮುಳ್ಳು ಪೂರಾ ಒಂದು ಸುತ್ತು ಮುಗಿಸಿ ಹನ್ನೆರಡಕ್ಕೆ ಬಂತು. ಒಂದು ನಿಮಿಷ. ಎಣಿಕೆ ಇನ್ನೂ ಇಪ್ಪತ್ತೊಂದು. ಅಂಚಿನಾಗ ಇಷ್ಟು ಕಮ್ಮಿ ನಾಡಿಗೆ ಅಂಕಿನೇ ಇರಲಿಲ್ಲ.

ಟಕ್. ಮುಳ್ಳು ಹನ್ನೆರಡು ದಾಟಿ ನಿಂತಿತು.

"ಇವ್ರು ನಿಮ್ಮ ಮನೆಯವ್ರೇನ್ರಿ?"

"ಹೌದ್ರಿ..." ಅಂದ ಇವನು.

"ಹೇಳೀನಿ ನೋಡ್ರಿ. ತಡ ಮಾಡಬ್ಯಾಡ್ರಿ."

ಇವನ ಅಂಗೈಯಾಗೇ ಕೆಳಗಿನ ಗುಂಡಿ ತಾನಾಗಿ ಒಳಗೆ ಹೋತು. ಚಕ್. ಮುಳ್ಳು ಹನ್ನೆರಡಕ್ಕೆ ಬಂತು.

ಕಸ್ತೂರಮ್ಮನ್ನ ಅಲುಗಿಸಿದ. ಕಣ್ಣು ತೆಗೀಲಿಲ್ಲ. ನನ್ನ ಬಾಗಿಲು ಬಡಿದ. ಇಬ್ಬರೂ ಎತ್ತಿ ಆಟೋಕ್ಕೆ ಹಾಕಿದ್ವಿ. ದವಾಖಾನೆಗೆ ಹೋಗೋತನಕ ಅವನು ಒಂದೇ ಮಾತು ಕೇಳ್ತಿದ್ದ, "ಉಸಿರಾಡ್ತಾಳಲ್ಲ? ಉಸಿರಾಡ್ತಾಳಲ್ಲ?"

ಡಾಕ್ಟರು ನಾಡಿ ನೋಡಿದ್ರು. "ಇಪ್ಪತ್ತೊಂದು. ಬೆಳಗಾಗೋತನಕ ಬಿಟ್ಟಿದ್ರೆ ಉಳೀತಿರಲಿಲ್ಲ. ಮನೇಲಿ ಯಾರು ನೋಡಿ ಹೇಳಿದ್ರು?"

ಬಕ್ಕೇಶಪ್ಪ ನೆಲ ನೋಡಿದ. "ಹರಿಹರದ ಕಾಂಪೌಂಡರ್ ಒಬ್ರು," ಅಂದ.

ಎದೆಯಾಗ ಸಣ್ಣ ಯಂತ್ರ ಇಟ್ರು. ಕಸ್ತೂರಮ್ಮ ಉಳಿದ್ಳು.

ನನ್ನ ಮನೆಯಾಕಿಗೆ ಹಂಗೆ ಯಾರೂ ಬಂದು ಹೇಳಲಿಲ್ಲ. ಅದಿರಲಿ.

ಇದು ನಡೆದಿದ್ದು. ನಂಬದಿದ್ರೆ ಬಿಡ್ರಿ. ಮೂರನೇ ದಿನ ನಾನೇ ಗಂಜಿ ಒಯ್ದಿದ್ದೆ. ನರ್ಸಮ್ಮ ಸ್ಪಿರಿಟ್ ಹತ್ತಿ ಹಿಡಿದು ಕಸ್ತೂರಮ್ಮನ ಮಣಿಕಟ್ಟು ತಿಕ್ತಿದ್ಳು. ಅಲ್ಲಿ ನೇರಳೆ ಬಣ್ಣದ ಮೂರು ಬೆರಳಚ್ಚು ಇತ್ತು. ಹಿಂದೆ ಕಾಂಪೌಂಡರುಗಳು ಗಾಯಕ್ಕೆ ಹಚ್ತಿದ್ರಲ್ಲ, ಆ ನೇರಳೆ ಔಷಧದ್ದು. ನಮ್ಮಲ್ಲಿ ಆ ಔಷಧ ಇಲ್ಲವೇ ಇಲ್ಲ ಅಂದ್ಳು ನರ್ಸಮ್ಮ. ಎಷ್ಟು ತಿಕ್ಕಿದ್ರೂ ಹೋಗಲಿಲ್ಲ.