ಕೆಂಪಿಗೆ ಬಿದ್ದ ಚಪ್ಪಾಳೆ

ಈ ಸಭೆಯ ಅಧ್ಯಕ್ಷರೂ ನಮ್ಮ ಮೆಣಸಿನಕಾಯಿ ಬೆಳೆಗಾರರ ಸಂಘದ ಹಿರಿಯರೂ ಆದ ಶ್ರೀ ಹಾಲೇಶಪ್ಪನವರೇ, ಹಾವೇರಿಯಿಂದ ಬಿಸಿಲಲ್ಲಿ ಬಂದು, ಕಾಯಿ ಒಣಗಿಸುವ ಈ ಹೊಸ ಕಣವನ್ನು ಉದ್ಘಾಟಿಸಿದ ಅತಿಥಿಗಳೇ, ಬ್ಯಾಡಗಿ ಮತ್ತು ರಾಣೆಬೆನ್ನೂರು ಭಾಗದ ಸದಸ್ಯ ಬಂಧುಗಳೇ, ತಾಯಂದಿರೇ, ಹಿಂದೆ ಟ್ರ್ಯಾಕ್ಟರಿನ ನೆರಳು ಹಿಡಿದು ಕುಳಿತಿರುವ ಸಭಿಕರೇ,

ಕಣದ ಉದ್ಘಾಟನೆ, ಕಾರ್ಯದರ್ಶಿ ಪ್ರಭುಲಿಂಗಪ್ಪನ, ಅಂದರೆ ನನ್ನ, ಬೀಳ್ಕೊಡುಗೆ, ಎರಡನ್ನೂ ಒಂದೇ ಪೆಂಡಾಲಿನಲ್ಲಿ ಮುಗಿಸುತ್ತಿದ್ದೀರಿ. ನನಗೆ ಬೇಸರವಿಲ್ಲ. ಸಂಘದ ಖರ್ಚು ಉಳಿಸಿ, ಉಳಿಸಿ ಎಂದು ಇಷ್ಟು ವರ್ಷ ನಿಮ್ಮ ತಲೆ ತಿಂದವನು ನಾನೇ ಅಲ್ಲವೇ?

ಅಧ್ಯಕ್ಷರು ಈಗ ನನ್ನ ಧ್ವನಿಯನ್ನು ಹೊಗಳಿದರು. ಹೊಗಳಲಿ, ಧ್ವನಿ ಚೆನ್ನಾಗಿಯೇ ಇದೆ. ಮಹಾಸಭೆಯಲ್ಲಿ ವಾರ್ಷಿಕ ವರದಿಯನ್ನು ಮೈಕಿಲ್ಲದೆ ಓದಿದವನು ನಾನು. ಸಂಘದ ಶೀತಲಗೃಹಕ್ಕೆ ಬಂದ ಚೀಲವೆಷ್ಟು, ಹೋದ ಚೀಲವೆಷ್ಟು, ಬಣ್ಣಗೆಟ್ಟದ್ದು ಶೇಕಡಾ ಎಷ್ಟು, ದಶಾಂಶವನ್ನೂ ಬಿಡದೆ ಓದುತ್ತಿದ್ದೆ. ನಾನು ಓದುತ್ತಿದ್ದೆ, ನೀವು ನಿದ್ದೆ ಮಾಡುತ್ತಿದ್ದಿರಿ. ಓದು ನಿಂತ ಕೂಡಲೇ ಎಚ್ಚೆತ್ತು "ಮಂಜೂರ್, ಮಂಜೂರ್" ಎನ್ನುತ್ತಿದ್ದಿರಿ. ಯಾವುದನ್ನು ಮಂಜೂರು ಮಾಡಿದಿರಿ ಎಂದು ಯಾರಾದರೂ ಕೇಳಿದ್ದರೆ, ಸಭೆಯ ನಂತರದ ಮಿರ್ಚಿ ಮಂಡಕ್ಕಿಯನ್ನು ಎಂದು ಹೇಳುತ್ತಿದ್ದಿರೇನೋ.

ಆ ವರದಿಯಲ್ಲಿ ಒಂದು ಮಾತು ತಪ್ಪದೆ ಇರುತ್ತಿತ್ತು: "ಪೂರ್ತಿ ಒಣಗದ ಕಾಯಿಯನ್ನು ದಾಸ್ತಾನಿಗೆ ತರಬಾರದು, ಸಂಘಕ್ಕೆ ಸಿಮೆಂಟಿನ ಕಣ ಅವಶ್ಯ." ಹೊಲದ ಮಣ್ಣಿನ ಮೇಲೆ ಹರವಿದ ಕಾಯಿ ಹಗಲು ಒಣಗುತ್ತದೆ, ಇಬ್ಬನಿ ಬಿದ್ದು ಮತ್ತೆ ತೇವವಾಗುತ್ತದೆ. ಅದನ್ನೇ ಅವಸರಕ್ಕೆ ಚೀಲ ತುಂಬಿ ತಂದರೆ ಒಳಗೆ ಬೂಷ್ಟು ಹಿಡಿದು ಬಿಳಿಚುತ್ತದೆ. ಇದನ್ನೆಲ್ಲ ನಾನು ಘಂಟಾಘೋಷವಾಗಿ ಓದಿದ್ದೇನೆ. ಕಣದ ಠರಾವು ಮಾತ್ರ ಪ್ರತಿ ಸಲವೂ "ಮುಂದಿನ ವರ್ಷ ನೋಡೂಣು" ಎಂದು ಬಿದ್ದುಹೋಗುತ್ತಿತ್ತು. ನಿವೃತ್ತಿಯಾಗುವುದರೊಳಗೆ ಕಣವೊಂದನ್ನು ಮಾಡಿಸಿ ಹೋಗಬೇಕು, ನನಗಿದ್ದ ಆಸೆ ಅದೊಂದೇ.

ಇಲ್ಲಿ ಸ್ವಲ್ಪ ಮನೆಯ ವಿಷಯ ಬರುತ್ತದೆ, ಕ್ಷಮೆ ಇರಲಿ. ನನ್ನ ಮನೆಯವರು ಪ್ರೇಮವ್ವ, ಇಲ್ಲೇ ಎರಡನೇ ಸಾಲಿನಲ್ಲಿದ್ದಾರೆ, ಇವತ್ತು ಎಚ್ಚರವಾಗಿಯೂ ಇದ್ದಾರೆ. ಮೇಡ್ಲೇರಿಯಲ್ಲಿ ತವರಿನಿಂದ ಬಂದ ಹೊಲದಲ್ಲಿ ತಾವೇ ನಿಂತು ಮೆಣಸಿನಕಾಯಿ ಬೆಳೆಯುತ್ತಾರೆ. ಕೆಲವು ವರ್ಷದ ಹಿಂದೆ ಅವರ ಚೀಲ ಬಿಚ್ಚಿದಾಗ ಕಾಯಿ ಬಿಳಿಚಿತ್ತು. ನಾನು ಕಾರ್ಯದರ್ಶಿಯಾಗಿದ್ದ ಶೀತಲಗೃಹದಲ್ಲಿ, ನಾನೇ ಓದಿದ ಎಚ್ಚರಿಕೆಯ ನಂತರವೂ, ನನ್ನ ಮನೆಯ ಕಾಯಿ.

"ಮಹಾಸಭೆಯಲ್ಲಿ ಓದಿದ್ದೆನಲ್ಲ" ಎಂದೆ. ಅವರು ಒಂದು ಹಿಡಿ ಕಾಯಿಯನ್ನು ಉಡಿಗೆ ಹಾಕಿಕೊಂಡು, "ಸಭಾದಾಗ ಊರಿಗೆಲ್ಲಾ ಓದೀರಿ. ಅದ ಮಾತು ಅಡಗಿಮನ್ಯಾಗ ಒಮ್ಮಿ ಅಂದಿದ್ರ ನಿಮ್ಮದೇನ್ ಹೋಗತಿತ್ತ್ರಿ?" ಎಂದರು.

ಸಂಘದ ಮಾತನ್ನು ಮನೆಗೆ ತರಬಾರದೆಂಬುದು ನನ್ನ ಶಿಸ್ತು. ಆ ಶಿಸ್ತಿನ ಬಗ್ಗೆ ನನಗೆ ಈಗಲೂ ಗೌರವವಿದೆ. ಆದರೂ ಆ ವರ್ಷದ ವರದಿಯಲ್ಲಿ ಬಣ್ಣಗೆಟ್ಟ ಸರಕಿನ ಸಾಲು ಬಂದಾಗ ಅದನ್ನು ಎರಡು ಸಲ ಓದಿದೆ. ಯಾರಿಗೂ ಗೊತ್ತಾಗಲಿಲ್ಲ. ಎಲ್ಲರೂ ಮಲಗಿದ್ದಿರಿ.

ಆಗ ನಮ್ಮ ಲೆಕ್ಕಪತ್ರದ ಶೀಲಾ, ರಾಣೆಬೆನ್ನೂರಿನವರು, ನನ್ನ ಟೇಬಲ್ಲಿನ ಮುಂದೆ ಬಂದು ನಿಂತರು. "ಸರ್, ಮುಂದಿನ ಸಲ ಓದಬ್ಯಾಡ್ರಿ. ತೋರಸೂಣು" ಎಂದರು. ನನಗೆ ಸಿಟ್ಟು ಬಂತು. ಇಂಥ ಧ್ವನಿ ಇರುವವನಿಗೆ ಓದಬೇಡ ಎಂದರೆ ಬಾರದೇ? ಆದರೆ ಬೇರೆ ದಾರಿಯೂ ಕಾಣಲಿಲ್ಲ. ಅವರು ಹಾವೇರಿಗೆ ಹೋಗಿ ತರಬೇತಿ ಪಡೆದು ಬಂದರು. ಅಂಕಿಗಳನ್ನು ಕಂಬಗಳಾಗಿ ಬರೆಯಬೇಕು, ಒಳ್ಳೆಯದಕ್ಕೆ ಹಸಿರು, ಕೆಟ್ಟದ್ದಕ್ಕೆ ಕೆಂಪು, ಎಂದು ಅಲ್ಲಿ ಹೇಳಿಕೊಟ್ಟಿದ್ದರು. ನಾವು ಹಾಗೆಯೇ ಮಾಡಿದೆವು. ಪರದೆಯ ಮೇಲೆ ಕೆಟ್ಟ ಸರಕಿನ ಕಂಬ ವರ್ಷದಿಂದ ವರ್ಷಕ್ಕೆ ಏರಿ ಕೆಂಪಗೆ ನಿಂತಿತು. ನೀವೆಲ್ಲ ಎಚ್ಚರವಾದಿರಿ. ನನಗೆ ಎದೆ ತುಂಬಿ ಬಂತು. ಅಷ್ಟರಲ್ಲಿ ನೀವು ಚಪ್ಪಾಳೆ ಹೊಡೆದಿರಿ.

ಮೇಡ್ಲೇರಿಯ ಬೀರಲಿಂಗಪ್ಪನವರು ಎದ್ದು ನಿಂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ವರ್ಷಾ ವರ್ಷಾ ಹಸರ ಇಳ್ಯಾಕತ್ತೈತಿ, ಕೆಂಪ ಏರಾಕತ್ತೈತಿ. ಇಷ್ಟ ಚಲೋ ಮಾಲ್ ಬರೂದಾದ್ರ ಕಣ ಯಾಕ ಬೇಕ್ರಿ?" ಠರಾವು ಮತ್ತೆ ಬಿತ್ತು, ಈ ಸಲ ನಗುನಗುತ್ತ ಬಿತ್ತು.

ತಪ್ಪು ಯಾರದು? ಹಾವೇರಿಯ ಹೆದ್ದಾರಿಯಲ್ಲಿ ಕೆಂಪು ಕಂಡರೆ ಲಾರಿ ನಿಲ್ಲುತ್ತದೆ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಕೆಂಪು ಕಂಡರೆ ಖರೀದಿದಾರ ನಿಲ್ಲುತ್ತಾನೆ. ಕೆಂಪು ರಾಶಿಗಳ ನಡುವೆಯೇ ತಲೆ ಹಣ್ಣಾದ ನನಗೂ, ಈ ಧೂಳಿನಲ್ಲೇ ಸೀನುತ್ತ ಲೆಕ್ಕ ಬರೆದ ಶೀಲಾಗೂ ಅದು ಹೊಳೆಯಲಿಲ್ಲವಲ್ಲ! ಚಹಾ ಕುಡಿಯುತ್ತ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ನನ್ನ ನಿವೃತ್ತಿಗೆ ಇನ್ನು ಒಂದೇ ಮಹಾಸಭೆ ಉಳಿದಿತ್ತು.

ಆ ಸಭೆಗೆ ಶೀಲಾ ಕಂಬಗಳನ್ನು ಬಿಟ್ಟು ಚೀಲಗಳನ್ನು ಬರೆದರು. ಒಳ್ಳೆಯ ಮಾಲಿಗೆ ಕೆಂಪು ಚೀಲ, ಕೆಟ್ಟದ್ದಕ್ಕೆ ಬಿಳಿ ಚೀಲ, ಒಂದರ ಮೇಲೊಂದು ಒಟ್ಟಿದ ಹಾಗೆ. ನಾನು ಒಂದು ಅಂಕಿಯನ್ನೂ ಓದಲಿಲ್ಲ. ಬಿಳಿ ಚೀಲ ಪರದೆಯ ಅರ್ಧಕ್ಕೆ ಬರುವಷ್ಟರಲ್ಲಿ ಸಭೆಯಲ್ಲಿ ಕೆಮ್ಮಿದ ಸದ್ದೂ ಇರಲಿಲ್ಲ.

ಬೀರಲಿಂಗಪ್ಪನವರೇ ಕೇಳಿದರು: "ಆ ಬಿಳೇ ಚೀಲ ಯಾರವ್ರಿ?"

"ನಮ್ಮೆಲ್ಲಾರವ್ರಿ" ಎಂದರು ಶೀಲಾ.

ಹೆಂಗಸರ ಸಾಲಿನಿಂದ ಒಂದು ಕೈ ಮೇಲೆದ್ದಿತು. "ಅದರಾಗ ನಮ್ಮವೂ ಅದಾವ್ರಿ. ಕಣ ಆಗ್ಲಿ" ಎಂದರು ಪ್ರೇಮವ್ವ. ಕಾರ್ಯದರ್ಶಿಯ ಮನೆಯ ಕಾಯಿಯೂ ಕೆಟ್ಟಿತ್ತೆಂದು ಅಲ್ಲಿಯವರೆಗೆ ನಾನು ಯಾರಿಗೂ ಹೇಳಿರಲಿಲ್ಲ. ಆಮೇಲೆ ಎಷ್ಟು ಕೈಗಳು ಎದ್ದವೆಂದು ನಾನು ಎಣಿಸಲಿಲ್ಲ. ಕಣ್ಣು ಮಂಜಾಗಿತ್ತು, ಎಣಿಸುವ ಕೆಲಸ ಶೀಲಾ ಮಾಡಿದರು.

ಮಹನೀಯರೇ, ಸಂಘದ ವರದಿ ಇನ್ನು ಮುಂದೆ ಶೀಲಾ ಅವರದು. ನಿವೃತ್ತಿಯ ನಂತರ ಏನು ಮಾಡುತ್ತೀರಿ ಎಂದು ಅತಿಥಿಗಳು ಕೇಳಿದರು. ನಾನೂ ವರದಿ ಒಪ್ಪಿಸುತ್ತೇನೆ ಸ್ವಾಮಿ, ದಿನಾಲೂ, ಅಡುಗೆಮನೆಯ ಬಾಗಿಲಲ್ಲಿ ಕುಳಿತು. ಹೋದ ವಾರದಿಂದ ಆರಂಭಿಸಿದ್ದೇನೆ. ಕೇಳುವವರು ಒಬ್ಬರೇ, ಇದುವರೆಗೆ ಮಲಗಿಲ್ಲ.

ಇಷ್ಟು ದೊಡ್ಡ ಶಾಲು ಹೊದಿಸಿದ ಆಡಳಿತ ಮಂಡಳಿಗೆ, ನನ್ನ ದಶಾಂಶಗಳನ್ನೆಲ್ಲ ಸಹಿಸಿಕೊಂಡ ನಿಮಗೆಲ್ಲರಿಗೂ ನಾನು ಋಣಿ. ಇನ್ನೂ ಮಾತಾಡಬೇಕೆಂದಿದ್ದೆ. ಆದರೆ ಎರಡನೇ ಸಾಲಿನಿಂದ ನನಗೆ ಕೈಸನ್ನೆ ಬರುತ್ತಿದೆ. ಹಿಂದೆ ನೀವು ನೆರಳು ಹಿಡಿದು ಕುಳಿತಿದ್ದೀರಲ್ಲ, ಆ ಟ್ರ್ಯಾಕ್ಟರಿನಲ್ಲಿ ಮೇಡ್ಲೇರಿಯ ಕಾಯಿ ಬಂದಿದೆ. ಬಿಸಿಲು ಇರುವಾಗಲೇ ನಾವು ಕುಳಿತಿರುವ ಈ ಕಣದಲ್ಲೇ ಹರವಬೇಕಂತೆ. ಆದ್ದರಿಂದ ಹೋಗುವಾಗ ದಯವಿಟ್ಟು ನಿಮ್ಮ ನಿಮ್ಮ ಕುರ್ಚಿಗಳನ್ನು ನೀವೇ ಎತ್ತಿಡಿ. ನನ್ನದನ್ನು ನಾನು ಎತ್ತಿಡುತ್ತೇನೆ.

ನಮಸ್ಕಾರ.