ಇತ್ತೋಳ ಮೂರನೆಯ ಸರದಿ

ಗರ್ಭಕಂಠದ ಕ್ಯಾನ್ಸರಿಗೆ ಒಳಗಿನಿಂದಲೇ ವಿಕಿರಣ ಕೊಡಿಸಿಕೊಳ್ಳಲು ಬತೂಲ್ ಫೆಸ್ ನಗರದ ಆಸ್ಪತ್ರೆಗೆ ಬಂದಿದ್ದು ಅದೇ ಮೊದಲು. ಪಕ್ಕದ ಬೆಂಚಿನಲ್ಲಿ ಅಜ್ರೂ ಊರಿನ ಕಡೆಯ ಗಂಡಹೆಂಡತಿ, ಮೋಹಾ ಮತ್ತು ಇತ್ತೋ, ದನಿ ತಗ್ಗಿಸಿ ಜಗಳವಾಡುತ್ತಿದ್ದರು. ಇತ್ತೋಗೆ ಅದು ಮೂರನೆಯ ಸಲ. ಬತೂಲ್ ಗೋಡೆ ನೋಡುತ್ತಲೇ ಕಿವಿಗೊಟ್ಟಳು.

"ಅದು ಅಷ್ಟು ಒಳ್ಳೇದಾಗಿದ್ರೆ, ನಿನ್ನೊಬ್ಬಳನ್ನೇ ಒಳಗೆ ಬಿಟ್ಟು ಅವರ್ಯಾಕೆ ಹೊರಗೆ ಓಡ್ತಾರೆ? ಬಾಗಿಲು ಬೇರೆ ಹಾಕ್ತಾರೆ!"

"ಅವರು ದಿನಾ ಎಷ್ಟೋ ಜನಕ್ಕೆ ಕೊಡ್ತಾರೆ ರೀ. ಪ್ರತಿ ಸಲ ಅಲ್ಲೇ ನಿಂತ್ರೆ ಅವರ ಗತಿ ಏನು? ನನಗಾದ್ರೆ ನಾಲ್ಕೇ ಸಲ."

"ಒಳಗಿಟ್ಟಿದ್ದನ್ನ ಪೂರ್ತಿ ತೆಗೆದ್ರು ಅಂತ ಹೇಗೆ ನಂಬೋದು?"

"ಕೊಳವೆಯೊಳಗೆ ಬರುತ್ತೆ, ಹತ್ತು ನಿಮಿಷಕ್ಕೆ ಯಂತ್ರಕ್ಕೇ ವಾಪಸ್ ಹೋಗುತ್ತೆ. ಆಮೇಲೆ ಕೊಳವೇನೂ ತೆಗೀತಾರೆ. ನನ್ನಲ್ಲಿ ಏನೂ ಉಳಿಯಲ್ಲ."

"ಹಾಗಂತ ಅವರು ಹೇಳ್ತಾರೆ."

"ಅದಕ್ಕೇ ತಾನೇ ನೀವು ನನ್ನ ಮಗು ತುದಾನ ನಿಮ್ಮಕ್ಕನ ಮನೇಲಿ ಬಿಟ್ಟಿರೋದು? ಕೂಸು ಅಮ್ಮಾ ಅಮ್ಮಾ ಅಂತ ಅಳುತ್ತಂತೆ."

"ಮಗೂಗೆ ಏನಾದ್ರೂ ಆದ್ರೆ?"

"ಮಗು ಸರಿ. ನೀವ್ಯಾಕೆ ಬೇರೆ ಕೋಣೇಲಿ ಮಲಗ್ತೀರಿ?"

ಅಷ್ಟರಲ್ಲಿ ದಾದಿ ಇತ್ತೋಳ ಹೆಸರು ಕೂಗಿದಳು. ಮೋಹಾ ಕೂಡ ಎದ್ದ.

"ಸಿಸ್ಟರ್, ಇವಳು ಮಗೂನ ಮಡಿಲಲ್ಲಿ ಕೂರಿಸ್ಕೋಬಹುದಾ? ನಿಜ ಹೇಳಿ."

"ಇವತ್ತು ಸಂಜೇನೇ ಕೂರಿಸ್ಕೊಳ್ಳಲಿ. ಮೊದಲ ದಿನವೇ ಹೇಳಿದ್ನಲ್ಲ."

"ನನಗೆ ಯಾರೂ ಹೇಳಲಿಲ್ಲ."

"ನಾನು ಹೇಳಿದ್ದೆ," ಎಂದು ಇತ್ತೋ ತಿರುಗಿಯೂ ನೋಡದೆ ಒಳಗೆ ಹೋದಳು.

ಮೋಹಾ ಫೋನ್ ಕಿವಿಗಿಟ್ಟು ಹೊರಬಾಗಿಲತ್ತ ನಡೆದ. "ಅಕ್ಕಾ, ಸಂಜೆ ತುದಾನ ಕರ್ಕೊಂಡು ಬಾ. ಹೂಂ, ಇತ್ತೋ ಹತ್ರಾನೇ. ನಂಗೊತ್ತಿಲ್ಲಕ್ಕಾ, ಏನೂ ಆಗಲ್ಲ ಅಂತ ಸಿಸ್ಟರ್ ಹೇಳಿದ್ರು."